ಲಕ್ವ ಹೊಡೆದ ಅಪ್ಪನ ಆರೈಕೆ: ವಾರ್ಡಿನಲ್ಲೇ ಕಲಿತೆ

ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯ ಬಿಲ್ಲಿನ ಬಹುಪಾಲು ವಿಮೆಯಿಂದ ಬಂತು. ಆದರೆ ಮನೆಗೆ ಬಂದ ಮೇಲೆ ಬೇಕಾಗುವ ಹೋಮ್ ನರ್ಸ್, ಡಯಾಪರ್, ಏರ್ ಬೆಡ್ ಯಾವುದಕ್ಕೂ ನಮ್ಮ ಪಾಲಿಸಿಯಲ್ಲಿ ದುಡ್ಡಿಲ್ಲ. ಪಾಲಿಸಿ ಓದಿದಾಗಲೇ ಇದು ಗೊತ್ತಾಯಿತು. ಹಾಗಾಗಿ ಡಿಸ್ಚಾರ್ಜ್‌ಗೆ ಮುಂಚೆಯೇ ಆರೈಕೆ ಕಲಿಸಿಕೊಡಿ ಅಂತ ವಾರ್ಡಿನ ಸಿಸ್ಟರನ್ನು ಕೇಳಿಕೊಂಡೆ. "ನೋಡಿದ್ರೆ ಬರಲ್ಲ ಮೇಡಂ, ನೀವೇ ಮಾಡಿ, ನಾನು ಪಕ್ಕದಲ್ಲಿರ್ತೀನಿ" ಅಂದರು. ಅವರ ಋಣ ದೊಡ್ಡದು.

ಮೊದಲು ಕಲಿತದ್ದು ಮಗ್ಗುಲು ಬದಲಿಸುವುದು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಬದಲಿಸಬೇಕು. ಎಳೆದರೆ ಚರ್ಮ ಸುಲಿಯುತ್ತದೆ. ಬೆನ್ನಿಂದ ತೊಡೆಯವರೆಗೆ ಬರುವಂತೆ ಒಂದು ಬೆಡ್‌ಶೀಟ್ ಮಡಚಿ ಹಾಸಿ, ಆಚೀಚೆ ಇಬ್ಬರು ನಿಂತು ಅದನ್ನೇ ಹಿಡಿದು ಎತ್ತಿ ಸರಿಸಬೇಕು. ಬಿದ್ದ ಕೈಯನ್ನಂತೂ ಜಗ್ಗಲೇಬಾರದು, ಭುಜದ ಕೀಲಿಗೆ ಪೆಟ್ಟಾಗುತ್ತದೆ. ಮೈ ಒರೆಸುವಾಗ ಬೆನ್ನಿನ ತುದಿ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ ಇಷ್ಟನ್ನು ದಿನಾ ನೋಡುತ್ತಿದ್ದೆ. ಕೆಂಪಾದ ಜಾಗ ಬೆರಳಲ್ಲಿ ಒತ್ತಿದರೂ ಬಿಳಿಚದಿದ್ದರೆ ಹಾಸಿಗೆ ಹುಣ್ಣು (ಒಂದೇ ಕಡೆ ಭಾರ ಬಿದ್ದು ಆಗುವ ಗಾಯ) ಶುರುವಾಗಿದೆ ಅಂತಲೇ ಅರ್ಥ. ಅಲ್ಲಿ ತಿಕ್ಕಬಾರದು, ಭಾರ ಬೀಳಲೂ ಬಿಡಬಾರದು, ಡಾಕ್ಟರಿಗೆ ತಿಳಿಸಬೇಕು. ಏರ್ ಬೆಡ್ ಇದೆಯಲ್ಲ ಅಂತ ಮಗ್ಗುಲು ಬದಲಿಸುವುದನ್ನು ಬಿಡುವ ಹಾಗಿಲ್ಲ. ಹುಣ್ಣು ಆಳಕ್ಕೆ ಇಳಿದರೆ ಮತ್ತೆ ಆಸ್ಪತ್ರೆ, ಮತ್ತೆ ಖರ್ಚು. ಅದಕ್ಕಿಂತ ಮುಖ್ಯವಾಗಿ, ಆ ನೋವು ಅವರಿಗೆ ಬೇಡ.

ಅಪ್ಪನಿಗೆ ಮೂಗಿನ ಟ್ಯೂಬಿನಲ್ಲೇ ಊಟ. ತಲೆಯ ಕಡೆ ಎತ್ತರಿಸಿ, ಸೋಸಿದ ರಾಗಿ ಗಂಜಿಯನ್ನು ನಿಧಾನಕ್ಕೆ ಬಿಡುತ್ತಿದ್ದೆ. ಆಮೇಲೆ ಸ್ವಲ್ಪ ನೀರು ಹಾಯಿಸಿ, ಕನಿಷ್ಠ ಅರ್ಧ ಗಂಟೆ ಮಲಗಿಸುತ್ತಿರಲಿಲ್ಲ. ಟ್ಯೂಬಿನ ಮೇಲಿನ ಗುರುತು ಮೂಗಿನಿಂದ ಜಾರಿದ್ದರೆ ಏನನ್ನೂ ಹಾಕಬಾರದು, ಆಹಾರ ಶ್ವಾಸಕೋಶಕ್ಕೆ ಹೋದೀತು. ಯೂರಿನ್ ಬ್ಯಾಗ್ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಇದೆಲ್ಲಕ್ಕೂ ಮುಂಚೆ, ಆಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು.

ಇನ್ನು ದುಡ್ಡಿನ ವಿಷಯ. ಅಡ್ಮಿಟ್ ಆಗುವಾಗ ರೂಮ್ ಬಾಡಿಗೆಯ ಮಿತಿ ನೋಡಿ. ನಮ್ಮದು 3 ಲಕ್ಷದ ಹಳೆ ಪಾಲಿಸಿ, ದಿನಕ್ಕೆ ಶೇ. 1, ಅಂದರೆ 3,000 ರೂಪಾಯಿ. 6,000ದ ರೂಮ್ ತೆಗೆದುಕೊಂಡರೆ ಮೇಲಿನ 3,000 ಕೈಯಿಂದ ಕಟ್ಟಿದರಾಯಿತು ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಇಂಥ ಪಾಲಿಸಿಗಳಲ್ಲಿ ಡಾಕ್ಟರ್ ಫೀಸು, ನರ್ಸಿಂಗ್‌ನಂಥ ಬಾಬ್ತುಗಳಿಗೂ ಅದೇ ಲೆಕ್ಕ: ಮಿತಿ ಬಾಡಿಗೆಯ ಅರ್ಧವಾದ್ದರಿಂದ ಅವಕ್ಕೂ ಅರ್ಧವೇ ಸಿಗುತ್ತದೆ. ಔಷಧಿ, ಟೆಸ್ಟು, ಐಸಿಯುಗೆ ಈ ಕಡಿತ ಇಲ್ಲ. ನಾವು ಶೇರಿಂಗ್ ರೂಮಿಗೇ ಒಪ್ಪಿಕೊಂಡೆವು. ಪಕ್ಕದ ಬೆಡ್ಡಿನವರ ಮಗ ಅಪ್ಪನನ್ನು ಸರಿಸಲು ಎಷ್ಟೋ ಸಲ ಕೈ ಹಾಕಿದ.

ಡಿಸ್ಚಾರ್ಜ್ ಆದ ಮೇಲೂ 60 ದಿನದ ಔಷಧಿ, ಟೆಸ್ಟು, ಫಿಸಿಯೋಥೆರಪಿ ಖರ್ಚಿಗೆ ನಮ್ಮ ಪಾಲಿಸಿಯಲ್ಲಿ ಅವಕಾಶವಿತ್ತು. ಎಷ್ಟೋ ಮನೆಯವರು ಇದನ್ನು ಕೇಳುವುದೇ ಇಲ್ಲ. ಫಿಸಿಯೋಥೆರಪಿ ಬೇಕು ಅಂತ ಡಿಸ್ಚಾರ್ಜ್ ಸಮರಿಯಲ್ಲೇ ಡಾಕ್ಟರ ಕೈಲಿ ಬರೆಸಿಕೊಳ್ಳಿ. ಮನೆಗೆ ಬರುವ ಥೆರಪಿಸ್ಟ್ ಹತ್ತಿರ ತಾರೀಖು, ಸಹಿ, ಸೀಲು ಇರುವ ರಸೀದಿ ಕೇಳಿ ಪಡೆಯಿರಿ. ನಾವು ಆ ರಸೀದಿಗಳನ್ನೆಲ್ಲ ಕೂಡಿಸಿ ಕಳಿಸಿದೆವು, ಆ ದುಡ್ಡು ವಾಪಸ್ ಬಂತು.