ಸೊರಗಿದ ಬೆಳೆಯ ಕೆಳಗೆ ರಂಜಕದ ರಾಶಿ: ನನ್ನ ಹೊಲದ ಪೋಷಕಾಂಶ ನಕ್ಷೆ ಮಾಡಿದ ಬಗೆ

ಇಳಿಜಾರಾದ ನನ್ನ ಹೊಲದ ಮೇಲ್ಭಾಗದಲ್ಲಿ ಮುಸುಕಿನ ಜೋಳ ಪ್ರತಿ ವರ್ಷವೂ ಸೊರಗುತ್ತಿತ್ತು. ತೆನೆ ಗಿಡ್ಡ, ಕಾಳು ಸಣ್ಣ, ಕೆಳಗಿನ ಎಲೆಗಳು ಬೇಗನೆ ಒಣಗುತ್ತಿದ್ದವು. ಅಲ್ಲಿಗೆ ಗೊಬ್ಬರ ಸಾಲುತ್ತಿಲ್ಲ ಎಂದು ನೋಡಿದವರೆಲ್ಲ ಹೇಳುತ್ತಿದ್ದರು. ಹೊಲವನ್ನು ವಲಯಗಳಾಗಿ ವಿಂಗಡಿಸಿ ಮಣ್ಣು ಪರೀಕ್ಷೆ ಮಾಡಿಸಿದಾಗ, ಇಡೀ ಹೊಲದಲ್ಲಿ ಅತಿ ಹೆಚ್ಚು ಲಭ್ಯ ರಂಜಕ ಸಿಕ್ಕಿದ್ದು ಆ ಸೊರಗಿದ ಭಾಗದಲ್ಲೇ.

ಇದಕ್ಕೆ ಕಾರಣ ಸರಳವಾದದ್ದು. ಎಲ್ಲ ಕಡೆಗೂ ಒಂದೇ ಪ್ರಮಾಣದ ಗೊಬ್ಬರ ಬೀಳುತ್ತಿತ್ತು. ಮೇಲ್ಭಾಗದ ಬೆಳೆ ಅದರಲ್ಲಿ ಸ್ವಲ್ಪವನ್ನಷ್ಟೇ ಹೊತ್ತೊಯ್ಯುತ್ತಿತ್ತು. ರಂಜಕ ಸಾರಜನಕದಂತೆ ನೀರಿನೊಂದಿಗೆ ಸುಲಭವಾಗಿ ಇಳಿದುಹೋಗುವುದಿಲ್ಲ, ಮಣ್ಣಿನ ಕಣಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ಹೀಗಾಗಿ ವರ್ಷ ವರ್ಷ ಉಳಿದದ್ದು ಅಲ್ಲೇ ಶೇಖರವಾಯಿತು. ಹುಲುಸಾಗಿ ಬೆಳೆಯುವ ಕೆಳಭಾಗದಲ್ಲಿ ನಡೆದದ್ದು ಇದರ ತದ್ವಿರುದ್ಧ: ಕೊಟ್ಟದ್ದಕ್ಕಿಂತ ಹೆಚ್ಚನ್ನು ಬೆಳೆ ತೆಗೆದುಕೊಂಡು, ಮಣ್ಣಿನ ದಾಸ್ತಾನು ಕರಗುತ್ತ ಬಂದಿತ್ತು. ನಕ್ಷೆಯಲ್ಲಿ ಕೆಂಪಾಗಿ ಕಾಣುವ, ಬೆಳೆ ಸೊರಗಿದ ಜಾಗಕ್ಕೆ ಹೆಚ್ಚು ಗೊಬ್ಬರ, ಹಸಿರಾಗಿ ಕಾಣುವ, ಬೆಳೆ ಹುಲುಸಾದ ಜಾಗಕ್ಕೆ ಕಡಿಮೆ ಎಂಬ ಲೆಕ್ಕವನ್ನು ನಾನು ಅಂದೇ ಕೈಬಿಟ್ಟೆ. ಹೊಲದ ಒಂದೊಂದು ಭಾಗಕ್ಕೂ ಬೇಕಾದಷ್ಟೇ ಕೊಡುವ ನಿಖರ ಕೃಷಿಗೆ ಹೊಸದಾಗಿ ಕೈಹಾಕುವವರು ಮೊದಲು ತಿಳಿಯಬೇಕಾದ ವಿಷಯ ಇದೇ ಎಂದು ನನ್ನ ಬಲವಾದ ನಂಬಿಕೆ. ಬಣ್ಣದ ನಕ್ಷೆ ವ್ಯತ್ಯಾಸ ಎಲ್ಲಿದೆ ಎಂದು ತೋರಿಸುತ್ತದೆ. ವ್ಯತ್ಯಾಸ ಏಕಿದೆ ಎಂಬುದನ್ನು ಮಣ್ಣು ಅಗೆದೇ ತಿಳಿಯಬೇಕು.

ನಾನು ಆರಂಭಿಸಿದ್ದು ಉಪಗ್ರಹ ಚಿತ್ರಗಳಿಂದ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-2 ಉಪಗ್ರಹಗಳು 2015ರಿಂದ ಚಿತ್ರ ಕಳಿಸುತ್ತಿವೆ. ಜೋಡಿ ಉಪಗ್ರಹಗಳು ಒಂದೇ ಜಾಗವನ್ನು ಸುಮಾರು 5 ದಿನಗಳಿಗೊಮ್ಮೆ ನೋಡುತ್ತವೆ, ಮತ್ತು ಈ ಚಿತ್ರಗಳು ಯಾರಿಗಾದರೂ ಉಚಿತ. ಕೆಂಪು ಮತ್ತು ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕಿನ ಪಟ್ಟಿಗಳಲ್ಲಿ ಒಂದು ಚೌಕಕೋಶದ (ಪಿಕ್ಸೆಲ್) ಅಳತೆ 10 ಮೀಟರ್. ಅಂದರೆ ಒಂದು ಹೆಕ್ಟೇರಿಗೆ ನೂರು ಕೋಶಗಳು. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪನ್ನು ಬಲವಾಗಿ ಹಿಂದಿರುಗಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಿಗುವ ಹಸಿರಿನ ಸೂಚ್ಯಂಕವೇ ಎನ್‌ಡಿವಿಐ. ಲೆಕ್ಕ, ನಕ್ಷೆ ಎಲ್ಲವನ್ನೂ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿದೆ.

ಹೊಲದ ಗಡಿಯನ್ನು ಮೊಬೈಲ್ ಹಿಡಿದು ನಡೆದು ಗುರುತಿಸಿದೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರುಗಳಷ್ಟು ಆಚೀಚೆ ಆಗುತ್ತದೆ. ಸಾಲು ಸಾಲಿಗೆ ಗೊಬ್ಬರ ಬದಲಿಸುವವರಿಗೆ ಅದು ಸಾಲದು, ವಲಯ ಮಾಡುವವರಿಗೆ ಧಾರಾಳ ಸಾಕು. ಗಡಿಯಿಂದ ಒಳಗೆ ಒಂದೂವರೆ ಕೋಶದಷ್ಟು ಅಂಚನ್ನು ಕತ್ತರಿಸಿ ತೆಗೆದೆ, ಏಕೆಂದರೆ ಅಂಚಿನ ಕೋಶಗಳಲ್ಲಿ ಬದುವಿನ ಹುಲ್ಲು, ಮರದ ನೆರಳು, ದಾರಿ ಎಲ್ಲ ಬೆರೆತಿರುತ್ತವೆ. ವಿಸ್ತೀರ್ಣ ಲೆಕ್ಕ ಹಾಕುವ ಮುನ್ನ ನಕ್ಷೆಯನ್ನು ಡಿಗ್ರಿಗಳಿಂದ ಮೀಟರುಗಳ ಪದ್ಧತಿಗೆ ಬದಲಿಸಿಕೊಳ್ಳಬೇಕು. ಇಲ್ಲವಾದರೆ ಚೀಲಗಳ ಲೆಕ್ಕವೇ ತಪ್ಪುತ್ತದೆ.

ಒಂದು ಚಿತ್ರವನ್ನು ನಂಬಿ ವಲಯ ಮಾಡುವುದನ್ನು ನಾನು ಒಪ್ಪುವುದಿಲ್ಲ. ಒಂದು ವರ್ಷದ ಚಿತ್ರ ಆ ವರ್ಷದ ಮಳೆಯ ಕಥೆ, ಕೀಟದ ಕಥೆ, ಬಿತ್ತನೆ ತಡವಾದ ಕಥೆ. ಆದ್ದರಿಂದ ಹಲವು ವರ್ಷಗಳ ಚಿತ್ರಗಳನ್ನು, ಪ್ರತಿ ವರ್ಷವೂ ಬೆಳೆ ಪೂರ್ತಿ ನೆಲ ಮುಚ್ಚಿದ ಹಂತದಿಂದ ಆರಿಸಿಕೊಂಡೆ. ತೆಳು ಮೋಡ ಮತ್ತು ಮೋಡದ ನೆರಳು ಎನ್‌ಡಿವಿಐ ಅನ್ನು ಕೆಡಿಸುತ್ತವೆ, ಸ್ವಯಂಚಾಲಿತ ಮೋಡ ಸೋಸುವಿಕೆಗೆ ಅವು ಕೆಲವೊಮ್ಮೆ ಸಿಗುವುದಿಲ್ಲ. ಹಾಗಾಗಿ ಪ್ರತಿ ದಿನಾಂಕದ ಸಹಜ ಬಣ್ಣದ ಚಿತ್ರವನ್ನೂ ಕಣ್ಣಿಂದ ನೋಡಿಯೇ ಒಪ್ಪಿಕೊಂಡೆ. ನಂತರ ಪ್ರತಿ ಕೋಶದ ಬೆಲೆಯನ್ನು ಆ ದಿನದ ಹೊಲದ ಸರಾಸರಿಯಿಂದ ಭಾಗಿಸಿದೆ. ಆಗ ಬೇರೆ ಬೇರೆ ವರ್ಷ, ಬೇರೆ ಬೇರೆ ಬೆಳೆ ಒಂದೇ ತಕ್ಕಡಿಗೆ ಬರುತ್ತವೆ: 1ಕ್ಕಿಂತ ಮೇಲಿದ್ದರೆ ಹೊಲದ ಸರಾಸರಿಗಿಂತ ಉತ್ತಮ, ಕೆಳಗಿದ್ದರೆ ಕಳಪೆ.

ಹೀಗೆ ಪೇರಿಸಿದಾಗ ಮೂರು ಬಗೆಯ ಜಾಗಗಳು ಕಂಡವು. ಸದಾ ಸರಾಸರಿಗಿಂತ ಮೇಲಿರುವ ಹೊಲದ ಕೆಳಭಾಗ, ಸದಾ ಸರಾಸರಿಗಿಂತ ಕೆಳಗಿರುವ ಮೇಲ್ಭಾಗ, ಮತ್ತು ಒಂದು ವರ್ಷ ಮೇಲೆ ಇನ್ನೊಂದು ವರ್ಷ ಕೆಳಗೆ ತೂಗಾಡುವ ನಡುವಿನ ಒಂದು ತಗ್ಗು. ಸರಾಸರಿ ಮಾತ್ರ ತೆಗೆದಿದ್ದರೆ ಆ ತಗ್ಗು ಸಾಧಾರಣ ಎಂದು ಕಂಡು ಕಣ್ತಪ್ಪುತ್ತಿತ್ತು. ವರ್ಷದಿಂದ ವರ್ಷಕ್ಕೆ ಎಷ್ಟು ಏರುಪೇರು ಎಂಬ ಎರಡನೆಯ ನಕ್ಷೆಯನ್ನೂ ಮಾಡಿದ್ದರಿಂದ ಅದು ಬೇರೆಯಾಗಿ ನಿಂತಿತು. ಮಳೆ ಕಡಿಮೆಯಾದ ವರ್ಷ ಅಲ್ಲಿ ಬೆಳೆ ಎಲ್ಲಕ್ಕಿಂತ ಚೆನ್ನಾಗಿರುತ್ತದೆ, ಜೋರು ಮಳೆಯ ವರ್ಷ ನೀರು ನಿಂತು ಹಳದಿಯಾಗುತ್ತದೆ.

ನಂತರ ಗುದ್ದಲಿ ಹಿಡಿದೆ. ಪ್ರತಿ ವಲಯದಲ್ಲೂ ಕುಣಿ ತೆಗೆದು ನೋಡಿದಾಗ ಮೇಲ್ಭಾಗದಲ್ಲಿ ಮೊಣಕಾಲುದ್ದಕ್ಕೂ ಮೊದಲೇ ಗರಸು ಮಣ್ಣು ಸಿಕ್ಕಿತು. ಬೇರಿಗೆ ಇಳಿಯಲು ಜಾಗವಿಲ್ಲ, ನೀರು ಹಿಡಿದಿಡಲು ಮಣ್ಣಿಲ್ಲ. ಅಲ್ಲಿನ ಇಳುವರಿಗೆ ಕಡಿವಾಣ ಹಾಕಿದ್ದು ನೀರು. ಅತ್ಯಂತ ಕೊರತೆಯಿರುವ ಅಂಶವೇ ಬೆಳವಣಿಗೆಯ ಮಿತಿ ಎಂಬ ಸಿದ್ಧಾಂತವನ್ನು 19ನೆಯ ಶತಮಾನದಲ್ಲಿ ಕಾರ್ಲ್ ಸ್ಪ್ರೆಂಗೆಲ್ ಮಂಡಿಸಿ, ಯುಸ್ಟುಸ್ ಫಾನ್ ಲೀಬಿಗ್ ಪ್ರಸಿದ್ಧಗೊಳಿಸಿದರು. ನೀರೇ ಕೊರತೆಯಾದ ಕಡೆ ರಂಜಕ ಸುರಿದರೆ ಅದು ಕಾಳಾಗುವುದಿಲ್ಲ.

ಮಣ್ಣಿನ ಮಾದರಿಗೆ ನಾನು ಚೌಕಜಾಲದ ಬದಲು ವಲಯವನ್ನೇ ಆಧಾರ ಮಾಡಿಕೊಂಡೆ. ಪ್ರತಿ ವಲಯದಲ್ಲಿ ಅಂಕುಡೊಂಕಾಗಿ ನಡೆದು 15ರಿಂದ 20 ಕಡೆ, 15 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಎಸೆಯುತ್ತ ಅರ್ಧ ಕಿಲೋಗೆ ಇಳಿಸಿದೆ. ಹಳೆಯ ತಿಪ್ಪೆಯ ಜಾಗ, ಮರದ ಬುಡ, ಬದುವಿನ ಪಕ್ಕ ಬಿಟ್ಟೆ. ಸತುವಿನ ಪರೀಕ್ಷೆಯೂ ಇದ್ದುದರಿಂದ ಸತು ಲೇಪಿಸಿದ ಬಕೆಟ್ ಬಳಸದೆ ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಬೆರೆಸಿದೆ. ಮಾದರಿ ತೆಗೆದ ಪ್ರತಿ ಬಿಂದುವನ್ನೂ ಮೊಬೈಲಿನಲ್ಲಿ ಗುರುತಿಸಿಟ್ಟೆ. ಮೂರು ವರ್ಷಗಳ ನಂತರ ಅದೇ ಬಿಂದುಗಳಿಗೆ, ಅದೇ ತಿಂಗಳಲ್ಲಿ ಮರಳಿ ಹೋದರೆ ಮಾತ್ರ ಏರಿದೆಯೋ ಇಳಿದಿದೆಯೋ ಎಂದು ಹೇಳಬಹುದು.

ಕೆಲವೇ ಬಿಂದುಗಳ ಫಲಿತಾಂಶವನ್ನು ಕಂಪ್ಯೂಟರಿಗೆ ಕೊಟ್ಟು ನಡುವಿನ ಜಾಗವನ್ನು ನಯವಾದ ಬಣ್ಣಗಳಿಂದ ತುಂಬಿಸುವ ಕ್ರಮ ಬಹಳ ಕಡೆ ಇದೆ. ಕ್ರಿಗಿಂಗ್ ಎಂಬ ವಿಧಾನ ನಿಜಕ್ಕೂ ಒಳ್ಳೆಯದು. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಡ್ಯಾನಿ ಕ್ರಿಗೆಯವರ ಕೆಲಸದಿಂದ ಹುಟ್ಟಿ, ಅವರ ಹೆಸರನ್ನೇ ಹೊತ್ತಿದೆ. ಆದರೆ ಅದು ವಿಶ್ವಾಸಾರ್ಹವಾಗಿ ಕೆಲಸ ಮಾಡಲು ನೂರರ ಆಸುಪಾಸು ಬಿಂದುಗಳು ಬೇಕೆಂಬುದು ಪರಿಣತರ ಸಾಮಾನ್ಯ ಸಲಹೆ. ಹತ್ತು ಬಿಂದುಗಳಿಂದ ಮಾಡಿದ ಚೆಂದದ ನಕ್ಷೆ ಇಲ್ಲದ ಜ್ಞಾನವನ್ನು ಇರುವಂತೆ ತೋರಿಸುತ್ತದೆ. ಅಷ್ಟು ಮಾದರಿಗಳಿಗೆ ಹಣವಿಲ್ಲದ ನನ್ನಂಥವರಿಗೆ ವಲಯವೇ ಹೆಚ್ಚು ಪ್ರಾಮಾಣಿಕವಾದ ದಾರಿ.

ವರದಿ ಓದುವಾಗ ಎರಡು ಸಂಗತಿಗಳನ್ನು ಗಮನಿಸುತ್ತೇನೆ. ಮೊದಲನೆಯದು ಪರೀಕ್ಷೆಯ ವಿಧಾನ. ರಂಜಕಕ್ಕೆ ಆಮ್ಲೀಯ ಮಣ್ಣಿನಲ್ಲಿ ಬ್ರೇ ವಿಧಾನ, ಸುಣ್ಣಯುಕ್ತ ಕ್ಷಾರೀಯ ಮಣ್ಣಿನಲ್ಲಿ ಓಲ್ಸೆನ್ ವಿಧಾನ ಸಾಮಾನ್ಯ. ಎರಡರ ಅಂಕೆಗಳನ್ನು ನೇರವಾಗಿ ಹೋಲಿಸಲಾಗದು. ಆದ್ದರಿಂದ ಪ್ರಯೋಗಾಲಯವನ್ನು ನಾನು ಬದಲಿಸುವುದಿಲ್ಲ. ಎರಡನೆಯದು ಅಂಕೆಯ ರೂಪ. ಗೊಬ್ಬರದ ಚೀಲದ ಮೇಲೆ ರಂಜಕ, ಪೊಟ್ಯಾಷ್ ಎರಡೂ ಸಾಮಾನ್ಯವಾಗಿ ಆಕ್ಸೈಡ್ ರೂಪದಲ್ಲಿರುತ್ತವೆ, ವರದಿಯಲ್ಲಿ ಹಲವೊಮ್ಮೆ ಧಾತು ರೂಪದಲ್ಲಿರುತ್ತವೆ. ರಂಜಕದ ಆಕ್ಸೈಡನ್ನು 0.436ರಿಂದ, ಪೊಟ್ಯಾಷಿಯಮ್ ಆಕ್ಸೈಡನ್ನು 0.83ರಿಂದ ಗುಣಿಸಿದರೆ ಧಾತುವಿನ ತೂಕ ಸಿಗುತ್ತದೆ. ಇದನ್ನು ಮರೆತರೆ ರಂಜಕದ ಲೆಕ್ಕ ಎರಡು ಪಟ್ಟಿಗೂ ಮೀರಿ ತಪ್ಪುತ್ತದೆ.

ಕೆಳಭಾಗದ ಒಂದು ಅಂಚಿನ ಮಾದರಿಯನ್ನು ಪ್ರತ್ಯೇಕವಾಗಿ ಕಳಿಸಿದ್ದೆ, ಅಲ್ಲಿನ ಮಣ್ಣು ಮುಟ್ಟಿದರೆ ಮರಳು ಮರಳಾಗಿತ್ತು. ಅಲ್ಲಿ ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿತ್ತು. ಅಷ್ಟು ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಮತ್ತು ಕಬ್ಬಿಣ ರಂಜಕವನ್ನು ಹಿಡಿದುಕೊಳ್ಳುತ್ತವೆ, ಅಲ್ಯೂಮಿನಿಯಂ ಬೇರಿನ ತುದಿಗೂ ವಿಷವಾಗುತ್ತದೆ. ಯೂರಿಯಾ, ಅಮೋನಿಯಂ ಗೊಬ್ಬರಗಳು ಮಣ್ಣನ್ನು ಹುಳಿಯಾಗಿಸುತ್ತವೆ, ಮರಳು ಮಣ್ಣಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಅಲ್ಲಿಗೆ ಬೇಕಾಗಿದ್ದದ್ದು ಸುಣ್ಣ, ಅದೂ ಬಿತ್ತನೆಗೆ ಸಾಕಷ್ಟು ಮೊದಲೇ, ಆ ತುಣುಕಿಗೆ ಮಾತ್ರ. ಇದು ಉಪಗ್ರಹ ಯುಗದ ಉಪಾಯವೇನೂ ಅಲ್ಲ. 1929ರಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ ಲಿನ್ಸ್‌ಲಿ ಮತ್ತು ಬಾವರ್ ಹೊಲದಲ್ಲಿ ಚೌಕಚೌಕವಾಗಿ ಮಾದರಿ ತೆಗೆದು, ಹುಳಿಯ ನಕ್ಷೆ ಬರೆದು, ಬೇಕಾದ ಕಡೆ ಬೇಕಾದಷ್ಟೇ ಸುಣ್ಣ ಹಾಕಿ ಎಂದು ರೈತರಿಗೆ ಹೇಳಿದ್ದರು. ಕಾಗದ, ಪೆನ್ಸಿಲ್, ಕಾಲ್ನಡಿಗೆ ಇಷ್ಟೇ ಅವರ ಸಾಧನಗಳು.

ಪ್ರಮಾಣದ ಲೆಕ್ಕಕ್ಕೆ ಬಂದರೆ, ರಂಜಕ ಮತ್ತು ಪೊಟ್ಯಾಷಿಗೆ ನಾನು ಬೆಳೆ ಹೊತ್ತೊಯ್ಯುವುದನ್ನು ಆಧಾರವಾಗಿಟ್ಟುಕೊಂಡಿದ್ದೇನೆ. ಒಂದು ಟನ್ ಮುಸುಕಿನ ಜೋಳದ ಕಾಳು ಸುಮಾರು 6 ಕಿಲೋ ರಂಜಕದ ಆಕ್ಸೈಡನ್ನು ಒಯ್ಯುತ್ತದೆ. ಹೆಕ್ಟೇರಿಗೆ 8 ಟನ್ ಕೊಡುವ ಜಾಗದಲ್ಲಿ ಅದು 50 ಕಿಲೋ ಹತ್ತಿರ. ಶೇ. 46 ರಂಜಕದ ಆಕ್ಸೈಡ್ ಇರುವ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರವಾದರೆ 109 ಕಿಲೋ ಬೇಕು, ಅದರ ಜೊತೆಗೇ ಸುಮಾರು 20 ಕಿಲೋ ಸಾರಜನಕವೂ ಬರುವುದರಿಂದ ಅದನ್ನು ಯೂರಿಯಾ ಲೆಕ್ಕದಿಂದ ಕಳೆಯಬೇಕು. ದಾಸ್ತಾನು ಕರಗಿದ್ದ ಕೆಳಭಾಗಕ್ಕೆ ಇದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟೆ. ಮೇಲ್ಭಾಗಕ್ಕೆ ರಂಜಕ ಪೂರ್ತಿ ನಿಲ್ಲಿಸಿದೆ. ಪೊಟ್ಯಾಷಿನ ವಿಷಯದಲ್ಲಿ ಕಾಳಿಗಿಂತ ದಂಟಿನ ಕಡೆ ನೋಡಬೇಕು. ಕಾಳಿನಲ್ಲಿ ಹೋಗುವುದು ಸ್ವಲ್ಪ, ದಂಟಿನಲ್ಲಿ ಅದರ ಹಲವು ಪಟ್ಟು. ಮೇವಿಗಾಗಿ ದಂಟು ಕೊಯ್ದು ಸಾಗಿಸಿದ ತುಣುಕುಗಳನ್ನು ನಕ್ಷೆಯಲ್ಲಿ ಬೇರೆ ಬಣ್ಣದಿಂದ ಗುರುತಿಸುತ್ತೇನೆ.

ಸಾರಜನಕಕ್ಕೆ ಈ ಲೆಕ್ಕ ನಿಲ್ಲುವುದಿಲ್ಲ. ಮಳೆ, ಬಿಸಿಲು, ಮಣ್ಣಿನ ಸಾವಯವ ಅಂಶ ಎಲ್ಲವೂ ಸೇರಿ ವಾರದಿಂದ ವಾರಕ್ಕೆ ಅದನ್ನು ಬದಲಿಸುತ್ತವೆ. ಇಲ್ಲಿ ಹೊಲವನ್ನೇ ಕೇಳುವ ಪಟ್ಟಿಗಳು ನನಗೆ ಅತ್ಯಂತ ಪ್ರಿಯವಾದ ಸಾಧನ. ಇಳಿಜಾರಿನುದ್ದಕ್ಕೂ, ಎಲ್ಲ ವಲಯಗಳನ್ನು ದಾಟುವಂತೆ, ಒಂದು ಪಟ್ಟಿಗೆ ಸಾರಜನಕವನ್ನು ಕೊರತೆಯೇ ಆಗದಷ್ಟು ಕೊಡುತ್ತೇನೆ, ಇನ್ನೊಂದಕ್ಕೆ ಏನನ್ನೂ ಕೊಡುವುದಿಲ್ಲ. ರಂಜಕಕ್ಕೂ ಹೀಗೆಯೇ ಹಳೆಯ ಪ್ರಮಾಣದ ಒಂದು ಪಟ್ಟಿ ಇಟ್ಟಿದ್ದೇನೆ, ನಿಲ್ಲಿಸಿದ್ದು ಸರಿಯೇ ಎಂದು ಮೇಲ್ಭಾಗದಲ್ಲಿ ಅದು ಹೇಳುತ್ತದೆ.

ಮೇಲುಗೊಬ್ಬರ ಕೊಡುವ ಮುನ್ನ, ಬೆಳೆ ಎಂಟರಿಂದ ಹತ್ತು ಎಲೆಗಳ ಹಂತದಲ್ಲಿರುವಾಗ, ಎಲೆಯ ಹಸಿರನ್ನು ಅಳೆಯುವ ಹರಿತ್ತಿನ ಮಾಪಕ ಹಿಡಿದು ಪ್ರತಿ ವಲಯದಲ್ಲಿ ಮೂವತ್ತು ಗಿಡಗಳ, ಪೂರ್ತಿ ಬಿಚ್ಚಿದ ಮೇಲಿನ ಎಲೆಯನ್ನು ಅಳೆಯುತ್ತೇನೆ. ಎಲೆಯ ಮಧ್ಯ ಭಾಗದಲ್ಲಿ, ನಡುನರ ಮತ್ತು ಅಂಚಿನ ನಡುವೆ ಅಳೆಯಬೇಕು. ಆ ಸರಾಸರಿಯನ್ನು ಅದೇ ವಲಯದಲ್ಲಿ ಸಾರಜನಕ ಧಾರಾಳ ಕೊಟ್ಟ ಪಟ್ಟಿಯ ಸರಾಸರಿಯಿಂದ ಭಾಗಿಸಿದಾಗ 0.95ಕ್ಕಿಂತ ಕೆಳಗಿದ್ದರೆ ಬೆಳೆ ಸಾರಜನಕ ಕೇಳುತ್ತಿದೆ ಎಂದರ್ಥ. ಮೇಲ್ಭಾಗದಲ್ಲಿ ಹಳೆಯ ಪ್ರಮಾಣದ ಅರ್ಧಕ್ಕೇ ಈ ಅಂಕೆ 0.95ರ ಮೇಲೆ ನಿಂತಿತು. ನೀರು ನಿಂತಿದ್ದ ತಗ್ಗಿನಲ್ಲಿ ಅದು ಕುಸಿದಿತ್ತು. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಅನಿಲವಾಗಿಸಿ ಬಿಡುತ್ತವೆ. ಆ ತಗ್ಗಿಗೆ ಈಗ ಬಿತ್ತನೆಯ ಹೊತ್ತಿಗೆ ಕಡಿಮೆ ಕೊಟ್ಟು, ಉಳಿದದ್ದನ್ನು ಮಳೆ ನೋಡಿಕೊಂಡು ಎರಡು ಕಂತುಗಳಲ್ಲಿ ಕೊಡುತ್ತೇನೆ.

ಈ ಹಂತದಲ್ಲಿ ಎನ್‌ಡಿವಿಐ ಚಿತ್ರಗಳಿಂದ ಹೆಚ್ಚು ಉಪಯೋಗವಿಲ್ಲ. ಎಲೆಗಳ ಹೊದಿಕೆ ದಟ್ಟವಾದಂತೆ ಅದರ ಅಂಕೆ ಮೇಲೇರುವುದನ್ನು ನಿಲ್ಲಿಸುತ್ತದೆ, ಹಸಿರು ಮತ್ತು ಕಡುಹಸಿರಿನ ವ್ಯತ್ಯಾಸ ಕಾಣುವುದಿಲ್ಲ. ಕೆಂಪು ಮತ್ತು ಅವಕೆಂಪಿನ ನಡುವಿನ ಕೆಂಪಂಚಿನ ಬೆಳಕನ್ನು ಬಳಸುವ ಇನ್ನೊಂದು ಸೂಚ್ಯಂಕವಾದ ಎನ್‌ಡಿಆರ್‌ಇ ಆಗ ಮೇಲು. ಸೆಂಟಿನೆಲ್-2ರಲ್ಲಿ ಅದರ ಕೋಶ 20 ಮೀಟರ್ ಇರುವುದರಿಂದ ಹೊಲದಲ್ಲಿನ ಕಿರಿದಾದ ಪಟ್ಟಿ ಅದರ ಕಣ್ಣಿಗೆ ಬೀಳದು. ಪಟ್ಟಿಯನ್ನು ಅಷ್ಟು ಅಗಲ ಮಾಡಲು ಜಾಗವಿಲ್ಲದ ಕಡೆ ಕೈಮಾಪಕವೇ ಗತಿ.

ವಲಯಕ್ಕೆ ತಕ್ಕಂತೆ ತಾನಾಗಿ ಪ್ರಮಾಣ ಬದಲಿಸುವ ಯಂತ್ರ ನನ್ನಲ್ಲಿಲ್ಲ. ವಲಯದ ಗಡಿಗಳನ್ನು ನೇರ ಗೆರೆಗಳಾಗಿ ಸರಳಗೊಳಿಸಿ, ಗೂಟ ನೆಟ್ಟು, ಪ್ರತಿ ವಲಯಕ್ಕೆ ಚೀಲಗಳನ್ನು ಮೊದಲೇ ತೂಗಿ ಬದುವಿನ ಮೇಲಿಡುತ್ತೇನೆ. ಗೊಬ್ಬರ ಹರಡುವ ಯಂತ್ರವನ್ನು ನೂರು ಮೀಟರ್ ಓಡಿಸಿ, ಬಿದ್ದದ್ದನ್ನು ತೂಗಿ, ಪ್ರತಿ ಗೊಬ್ಬರಕ್ಕೂ ಬೇರೆಯಾಗಿ ಹೊಂದಿಸುತ್ತೇನೆ. ಯೂರಿಯಾ ಮತ್ತು ಡಿಎಪಿ ಹರಳುಗಳ ತೂಕ, ಗಾತ್ರ ಬೇರೆಯಾದ್ದರಿಂದ ಒಂದರ ಅಳತೆ ಇನ್ನೊಂದಕ್ಕೆ ಹೊಂದದು.

ಕೊಯ್ಲಿನಲ್ಲಿ ಪ್ರತಿ ವಲಯದ, ಪ್ರತಿ ಪಟ್ಟಿಯ ಹಲವು ತುಂಡುಗಳನ್ನು ಬೇರೆಯಾಗಿ ಕೊಯ್ದು ತೂಗುತ್ತೇನೆ. 60 ಸೆಂಟಿಮೀಟರ್ ಅಂತರದ ಸಾಲಿನಲ್ಲಿ 16.7 ಮೀಟರ್ ಉದ್ದ ಅಳೆದರೆ 10 ಚದರ ಮೀಟರ್ ಆಗುತ್ತದೆ. ಕಾಳಿನ ತೇವಾಂಶ ಅಳೆದು, ಎಲ್ಲವನ್ನೂ ಶೇ. 14ಕ್ಕೆ ಸರಿಹೊಂದಿಸಿಯೇ ಹೋಲಿಸಬೇಕು. ತೇವಾಂಶ ಕಳೆಯದೆ ಹೋಲಿಸಿದರೆ ತಡವಾಗಿ ಒಣಗುವ ತಗ್ಗು ಸುಳ್ಳೇ ಗೆಲ್ಲುತ್ತದೆ. ಮೇಲ್ಭಾಗದಲ್ಲಿ ರಂಜಕ ಕೊಟ್ಟ ಪಟ್ಟಿಗೂ ಕೊಡದ ಜಾಗಕ್ಕೂ ಇಳುವರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬಂದಿಲ್ಲ. ಮುಂದಿನ ಮಣ್ಣು ಪರೀಕ್ಷೆಯಲ್ಲಿ ಅಲ್ಲಿನ ರಂಜಕ ಮಧ್ಯಮ ಮಟ್ಟಕ್ಕೆ ಇಳಿದಿದ್ದರೆ ಬೆಳೆ ಒಯ್ಯುವಷ್ಟನ್ನು ಮರಳಿ ಕೊಡಲು ಆರಂಭಿಸುತ್ತೇನೆ, ಇಳಿಯದಿದ್ದರೆ ಇನ್ನೊಂದು ಸುತ್ತು ಹಾಗೆಯೇ ಬಿಡುತ್ತೇನೆ.