ಮುರಿದ ಸ್ಪಾರ್ಕ್ ಪ್ಲಗ್ ಎಂಜಿನ್‌ನಲ್ಲೇ ಉಳಿದುಬಿಟ್ಟರೆ ತೆಗೆಯುವುದು ಹೇಗೆ?

ಪ್ಲಗ್ ಬಿಚ್ಚುತ್ತಿದ್ದೀರಿ. ಅಲ್ಲಿಯವರೆಗೆ ಬಿಗಿಯಾಗಿದ್ದ ಸಾಕೆಟ್ ‘ಟಕ್’ ಅಂದು ಇದ್ದಕ್ಕಿದ್ದಂತೆ ಸಲೀಸಾಗಿ ತಿರುಗುತ್ತದೆ. ಮೇಲೆತ್ತಿ ನೋಡಿದರೆ ಕೈಗೆ ಬಂದಿರುವುದು ಅರ್ಧ ಪ್ಲಗ್, ಇನ್ನರ್ಧ ಸಿಲಿಂಡರ್ ಹೆಡ್‌ನಲ್ಲೇ ಕೂತಿದೆ. ರ‍್ಯಾಚೆಟ್ ಕೆಳಗಿಡಿ. ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ ಅಂತ ಕೀಗೆ ಕೈ ಹಾಕಬೇಡಿ. ಸ್ಕ್ರೂಡ್ರೈವರ್ ಇಳಿಸಿ ಕೆದಕಲೂ ಬೇಡಿ.

ಮುರಿದ ತುಂಡು ಅಲ್ಲಿ ಎಷ್ಟು ಹೊತ್ತು ಕೂತಿದ್ದರೂ ಎಂಜಿನ್‌ಗೆ ಏನೂ ಆಗುವುದಿಲ್ಲ. ಹಾನಿಯಾಗುವುದು ಅದರ ಚೂರು ಒಳಗೆ ಬಿದ್ದಾಗ. ಪ್ಲಗ್‌ನ ಬಿಳಿ ಪಿಂಗಾಣಿ ಭಾಗ ಅಲ್ಯೂಮಿನಾ ಸೆರಾಮಿಕ್‌ನದ್ದು, ಉಕ್ಕಿಗಿಂತ ಬಹಳ ಗಟ್ಟಿ. ಅದರ ಒಂದು ಸಣ್ಣ ಚೂರು ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವೆ ಸಿಕ್ಕಿಕೊಂಡರೆ ಗೋಡೆ ಉದ್ದಕ್ಕೂ ಗೀಚಿಹೋಗುತ್ತದೆ. ವಾಲ್ವ್ ಕೂರುವ ಜಾಗದಲ್ಲಿ ಸಿಕ್ಕಿಕೊಂಡರೆ ವಾಲ್ವ್ ಸರಿಯಾಗಿ ಮುಚ್ಚುವುದೇ ಇಲ್ಲ, ಕಂಪ್ರೆಷನ್ ಹೋಗುತ್ತದೆ. ಹಾಗಾಗಿ ಈ ಕೆಲಸದಲ್ಲಿ ಏನು ಮಾಡುವ ಮುಂಚೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಒಳಗೆ ಏನಾದರೂ ಬೀಳುತ್ತದಾ?

ಮೊದಲು ಎಲ್ಲಿ ಮುರಿದಿದೆ ನೋಡಿ

ಟಾರ್ಚ್ ಹಿಡಿದು ಪ್ಲಗ್ ಕೂರುವ ಗುಂಡಿಯೊಳಗೆ ಚೆನ್ನಾಗಿ ನೋಡಿ. ಪ್ಲಗ್ ಸಾಮಾನ್ಯವಾಗಿ ಮೂರು ರೀತಿ ಮುರಿಯುತ್ತದೆ, ಮೂರಕ್ಕೂ ಮದ್ದು ಬೇರೆ ಬೇರೆ.

ಮೇಲಿನ ಪಿಂಗಾಣಿ ಮಾತ್ರ ಮುರಿದು, ಸಾಕೆಟ್ ಕೂರುವ ಆರು ಮೂಲೆಯ ಭಾಗ ಹಾಗೇ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಸಾಕೆಟ್ ವಾಲಿಸಿ ಹಿಡಿದಾಗ ಹೀಗಾಗುವುದೇ ಜಾಸ್ತಿ. ಗುಂಡಿಯಲ್ಲಿ ಬಿದ್ದ ಚೂರುಗಳನ್ನೆಲ್ಲ ವ್ಯಾಕ್ಯೂಮ್‌ನಿಂದ ಎಳೆದುಬಿಡಿ, ಸಾಕೆಟ್ ನೇರವಾಗಿ ಕೂರಿಸಿ, ಮಾಮೂಲಿ ಪ್ಲಗ್‌ನಂತೆಯೇ ಬಿಚ್ಚಿ. ಚೂರು ಎಳೆಯದೆ ಬಿಚ್ಚಿದರೆ ಮಾತ್ರ, ಪ್ಲಗ್ ಮೇಲೆ ಬಂದ ತಕ್ಷಣ ಅವೆಲ್ಲ ತೂತಿನ ಮೂಲಕ ನೇರ ಸಿಲಿಂಡರ್‌ಗೇ ಇಳಿಯುತ್ತವೆ.

ಎರಡನೆಯದು, ಆರು ಮೂಲೆಯ ಭಾಗವೇ ತುಂಡಾಗಿ ಕೈಗೆ ಬಂದು, ಥ್ರೆಡ್ ಇರುವ ಲೋಹದ ಕೊಳವೆ ಹೆಡ್‌ನಲ್ಲೇ ಉಳಿಯುವುದು. ವರ್ಷಗಟ್ಟಲೆ ಬಿಚ್ಚದ, ಇಲ್ಲವೇ ಹಾಕುವಾಗ ವಿಪರೀತ ಬಿಗಿ ಮಾಡಿದ ಪ್ಲಗ್‌ಗಳು ಹೀಗಾಗುತ್ತವೆ. ಈ ಲೇಖನದ ಬಹುಪಾಲು ಇದರ ಬಗ್ಗೆಯೇ.

ಮೂರನೆಯದು ಕೆಲವೇ ಎಂಜಿನ್‌ಗಳ ತೊಂದರೆ. ಫೋರ್ಡ್ ಕಂಪನಿಯ 5.4 ಲೀಟರಿನ, ಸಿಲಿಂಡರಿಗೆ 3 ವಾಲ್ವ್ ಇರುವ ಟ್ರೈಟನ್ ವಿ8 ಇದಕ್ಕೆ ಹೆಸರುವಾಸಿ. 2004ರಿಂದ ಕೆಲವು ವರ್ಷ ಇದಕ್ಕೆ ಬಂದ ಪ್ಲಗ್‌ಗಳ ಲೋಹದ ಭಾಗ ಎರಡು ತುಂಡು ಸೇರಿಸಿ ಮಾಡಿದ್ದು, ಥ್ರೆಡ್‌ನ ಕೆಳಗೆ ಉದ್ದನೆಯ ತೆಳು ಕೊಳವೆ ಬೇರೆ. ಆ ಕೊಳವೆಯ ಸುತ್ತ ಕಾರ್ಬನ್ ಕಟ್ಟಿ ಅದು ಹೆಡ್‌ಗೆ ಅಂಟಿಕೊಳ್ಳುತ್ತದೆ. ಬಿಚ್ಚಿದಾಗ ಮೇಲಿನ ಅರ್ಧ ಬರುತ್ತದೆ, ಕೆಳಗಿನ ಕೊಳವೆ ಅಲ್ಲೇ ಉಳಿಯುತ್ತದೆ.

ಕೈ ಹಾಕುವ ಮುಂಚೆ

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಕಣ್ಣಿಗೆ ಕನ್ನಡಕ ಕಡ್ಡಾಯ, ಪಿಂಗಾಣಿ ಚೂರು ಎಲ್ಲಿಗೆ ಹಾರುತ್ತದೆ ಅಂತ ಹೇಳೋಕಾಗಲ್ಲ. ಗುಂಡಿಯೊಳಗಿನ ಧೂಳು, ಮರಳು, ತುಕ್ಕಿನ ಪುಡಿ ಎಲ್ಲವನ್ನೂ ವ್ಯಾಕ್ಯೂಮ್‌ನಿಂದ ಎಳೆದು ತೆಗೆಯಿರಿ. ವ್ಯಾಕ್ಯೂಮ್‌ನ ಬಾಯಿ ದೊಡ್ಡದಿರುತ್ತದೆ, ಅದಕ್ಕೆ ಒಂದು ಸಣ್ಣ ಪ್ಲಾಸ್ಟಿಕ್ ಪೈಪ್ ಸೇರಿಸಿ ಸಂದು ಬಿಡದಂತೆ ಟೇಪ್ ಸುತ್ತಿದರೆ ಸಾಕು. ಈ ಪೈಪನ್ನು ಎಸೆಯಬೇಡಿ, ಕೊನೆಯವರೆಗೂ ಬೇಕಾಗುತ್ತದೆ. ಆದರೆ ಗುಂಡಿಯಲ್ಲಿ ಎಣ್ಣೆ ಅಥವಾ ಕ್ಲೀನರ್ ಹಾಕಿದ ಮೇಲೆ ಅದನ್ನು ಮೊದಲು ಬಟ್ಟೆಯಿಂದ ಹೀರಿಸಿ, ಆರಲು ಬಿಡಿ. ಬೆಂಕಿ ಹತ್ತುವ ಆವಿಯನ್ನು ವ್ಯಾಕ್ಯೂಮ್ ಮೋಟರ್ ಎಳೆದುಕೊಳ್ಳಬಾರದು.

ಸಾಧ್ಯವಾದರೆ ಆ ಸಿಲಿಂಡರಿನ ಎರಡೂ ಬದಿಯ ವಾಲ್ವ್‌ಗಳು ಮುಚ್ಚಿರುವಂತೆ, ಅಂದರೆ ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೆ ಬಂದಿರುವಂತೆ ಇಟ್ಟುಕೊಳ್ಳಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸಾಕೆಟ್ ಹಾಕಿ, ಎಂಜಿನ್ ಮಾಮೂಲಿಯಾಗಿ ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನಕ್ಕೆ ತಿರುಗಿಸಿ. ಟೈಮಿಂಗ್ ಗುರುತು ಎಲ್ಲಿದೆ ಅಂತ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಹೀಗಿಟ್ಟರೆ, ಅಕಸ್ಮಾತ್ ಚೂರು ಬಿದ್ದರೂ ಪಿಸ್ಟನ್ ತಲೆಯ ಮೇಲೇ ಕೂರುತ್ತದೆ, ಪೈಪ್ ಇಳಿಸಿ ಎಳೆಯಬಹುದು.

ಇನ್ನು ನೆನೆಸುವ ಕೆಲಸ. ತುಕ್ಕು ಸಡಿಲಿಸುವ ಎಣ್ಣೆ ಅಥವಾ ಕಾರ್ಬ್ಯುರೇಟರ್ ಕ್ಲೀನರ್ ಅನ್ನು ಗುಂಡಿಯಲ್ಲಿ ಸ್ವಲ್ಪವೇ ಬಿಡಿ, ಥ್ರೆಡ್‌ನ ಅಂಚು ಮುಳುಗುವಷ್ಟು. ತುಕ್ಕಿಗೆ ಎಣ್ಣೆ, ಕಾರ್ಬನ್‌ಗೆ ಕ್ಲೀನರ್. ಕಡಿಮೆಯೆಂದರೆ 15 ನಿಮಿಷ ಕಾಯಬೇಕು, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಇಲ್ಲಿ ಅವಸರ ಮಾಡುವವರೇ ಜಾಸ್ತಿ. ಆದರೆ ಈ ಕೆಲಸದಲ್ಲಿ ಯಾವ ಟೂಲ್‌ಗಿಂತಲೂ ಹೆಚ್ಚು ಉಪಯೋಗಕ್ಕೆ ಬರುವುದು ಈ ಕಾಯುವಿಕೆಯೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಇವೆಲ್ಲ ಬೆಂಕಿ ಹತ್ತುವ ದ್ರವಗಳು, ಹತ್ತಿರ ಬೀಡಿ ಸಿಗರೇಟು, ಗ್ಯಾಸ್ ಟಾರ್ಚ್ ಯಾವುದೂ ಬೇಡ.

ಕೊಳವೆ ಉಳಿದಿದ್ದರೆ

ಮೊದಲು ಒಳಗಿನ ಪಿಂಗಾಣಿ ತೆಗೆಯಬೇಕು. ಪ್ಲಗ್ ತಯಾರಿಸುವಾಗ ಪಿಂಗಾಣಿಯನ್ನು ಮೇಲಿನಿಂದ ಇಳಿಸಿ, ಒಳಗಿರುವ ಸಣ್ಣ ಮೆಟ್ಟಿಲಿನ ಮೇಲೆ ಕೂರಿಸಿ, ಆಮೇಲೆ ಲೋಹದ ಮೇಲಂಚನ್ನು ಅದರ ಮೇಲೆ ಮಡಿಸಿರುತ್ತಾರೆ. ಆರು ಮೂಲೆಯ ಭಾಗ ಮುರಿದಾಗ ಆ ಮಡಿಕೆಯೂ ಅದರ ಜೊತೆಗೇ ಹೋಗಿರುತ್ತದೆ. ಅಂದರೆ ಪಿಂಗಾಣಿಯನ್ನು ಹಿಡಿದಿಟ್ಟಿರುವಂಥದ್ದು ಹೆಚ್ಚೇನೂ ಉಳಿದಿಲ್ಲ, ಅದು ಮೇಲಕ್ಕೇ ಬರಬೇಕು. ಉದ್ದ ಮೂತಿಯ ಪ್ಲೈಯರ್‌ನಿಂದ ಹಿಡಿದು, ಅತ್ತಿತ್ತ ವಾಲಿಸದೆ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಮೇಲೆತ್ತಿ. ಬರಲಿಲ್ಲವೆಂದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು. ಸುತ್ತಿಗೆ ಏಟು ಕೊಟ್ಟು ಒಡೆಯುವ ಯೋಚನೆ ಬೇಡವೇ ಬೇಡ, ಡ್ರಿಲ್ ಬಿಟ್ ಕೂಡ ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ.

ಪಿಂಗಾಣಿ ಬಂದ ಮೇಲೆ ಕೊಳವೆ ಬಾಯಿ ತೆರೆದುಕೊಂಡು ನಿಂತಿರುತ್ತದೆ. ಈಗ ಗ್ರೀಸ್ ತೆಗೆದುಕೊಳ್ಳಿ. ಕೊಳವೆಯ ತಳದಲ್ಲಿ ಒಂದಿಷ್ಟು ಗ್ರೀಸ್ ತುಂಬಿ, ಪುಡಿ ಏನು ಉದುರಿದರೂ ಅದರಲ್ಲೇ ಅಂಟಿಕೊಳ್ಳುತ್ತದೆ. ಮೇಲೆ ಎಕ್ಸ್‌ಟ್ರಾಕ್ಟರ್ (ಮುರಿದ ತುಂಡನ್ನು ಒಳಗಿಂದ ಕಚ್ಚಿ ತಿರುಗಿಸಿ ತೆಗೆಯುವ ಟೂಲ್) ಕಚ್ಚುವ ಜಾಗವನ್ನು ಮಾತ್ರ ಬಟ್ಟೆಯಿಂದ ಒರೆಸಿ ಒಣಗಿಸಿ, ಅಲ್ಲಿ ಜಿಡ್ಡಿದ್ದರೆ ಹಿಡಿತ ಸಿಗುವುದಿಲ್ಲ.

ಎಕ್ಸ್‌ಟ್ರಾಕ್ಟರ್‌ಗಳಲ್ಲಿ ಎರಡು ಜಾತಿ. ಒಂದು ಸ್ಕ್ರೂ ಥರ ಎಡಕ್ಕೆ ಸುತ್ತಿದ ಗೆರೆಗಳಿರುವುದು, ಇನ್ನೊಂದು ತುದಿ ಸಣ್ಣಗಾಗುತ್ತಾ ಹೋಗುವ ನೇರ ಅಂಚುಗಳದ್ದು. ನಾನು ನೇರ ಅಂಚಿನದ್ದನ್ನೇ ಹೇಳುತ್ತೇನೆ. ಸುತ್ತು ಗೆರೆಯದ್ದು ತಿರುಗಿಸಿದಷ್ಟೂ ಒಳಗಿಳಿಯುತ್ತದೆ, ಬೆಣೆ ಹೊಡೆದ ಹಾಗೆ ಕೊಳವೆಯನ್ನು ಹೊರಕ್ಕೆ ಅಗಲಿಸುತ್ತದೆ. ಕೊಳವೆಯ ಗೋಡೆ ಮೊದಲೇ ತೆಳು, ಅದು ಅಗಲವಾದರೆ ಹೆಡ್‌ನ ಅಲ್ಯೂಮಿನಿಯಂ ಥ್ರೆಡ್‌ಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ನೇರ ಅಂಚಿನದ್ದನ್ನಾದರೆ ಎರಡೂ ಕಡೆಗೆ ತಿರುಗಿಸಬಹುದು, ಅದೇ ಅದರ ದೊಡ್ಡ ಲಾಭ.

ಎಕ್ಸ್‌ಟ್ರಾಕ್ಟರನ್ನು ನೇರವಾಗಿ ಇಳಿಸಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿ ಕೂರಿಸಿ. ಕುಟ್ಟುವಾಗ ಮೊದಮೊದಲು ಸದ್ದು ಮಂದವಾಗಿರುತ್ತದೆ, ಅಂಚು ಕಚ್ಚಿಕೊಂಡ ಮೇಲೆ ‘ಟಣ್’ ಅಂತ ಬಿಗಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ತಿರುಗಿಸಲು ಉದ್ದ ಹಿಡಿಯ ರ‍್ಯಾಚೆಟ್‌ಗಿಂತ ಎರಡೂ ಕೈಯಲ್ಲಿ ಹಿಡಿಯುವ ಟಿ ಹ್ಯಾಂಡಲ್ ಒಳ್ಳೆಯದು, ಒತ್ತಡ ಎರಡೂ ಕಡೆ ಸಮನಾಗಿ ಬೀಳುತ್ತದೆ, ಎಕ್ಸ್‌ಟ್ರಾಕ್ಟರ್ ವಾಲುವುದಿಲ್ಲ. ಎಡಕ್ಕೆ ನಿಧಾನವಾಗಿ ಒತ್ತಡ ಕೊಡಿ. ಅಲುಗಾಡದಿದ್ದರೆ ಬಲಕ್ಕೆ ಒಂಚೂರು, ಮತ್ತೆ ಎಡಕ್ಕೆ. ‘ಕಿರ್‌ರ್’ ಅಂತ ಕಿರುಚಿದರೆ ಕೊಳವೆ ಮಿಸುಕಿದೆ ಅಂತ ಅರ್ಥ, ಹಾಗಂತ ಅದೇ ಖುಷಿಯಲ್ಲಿ ಒಂದೇ ಸಮ ತಿರುಗಿಸಬೇಡಿ. ಕಾಲು ಸುತ್ತು ಬಿಚ್ಚಿ, ಒಂದೆರಡು ಹನಿ ಎಣ್ಣೆ ಬಿಡಿ, ಅರ್ಧದಷ್ಟು ಹಿಂದಕ್ಕೆ ಬಿಗಿ ಮಾಡಿ, ಮತ್ತೆ ಕಾಲು ಸುತ್ತು ಬಿಚ್ಚಿ. ಹೀಗೆ ಮುಂದೆ ಹಿಂದೆ ಮಾಡುತ್ತಾ ಹೋದರೆ ಥ್ರೆಡ್ ನಡುವಿನ ಕಾರ್ಬನ್ ಪುಡಿಯಾಗಿ ಎಣ್ಣೆಯ ಜೊತೆ ಹೊರಗೆ ಬರುತ್ತದೆ. ಒಂದೇ ದಿಕ್ಕಿಗೆ ಜಗ್ಗಿದರೆ ಆ ಪುಡಿಯೇ ಅಲ್ಯೂಮಿನಿಯಂ ಥ್ರೆಡ್ಡನ್ನು ಕಿತ್ತುಕೊಂಡು ಬರುತ್ತದೆ.

ಏನು ಮಾಡಿದರೂ ಅಲುಗಾಡಲಿಲ್ಲವೇ? ಹೀಟ್ ಗನ್ ಸಹಾಯಕ್ಕೆ ಬರುತ್ತದೆ, ಆದರೆ ಹಾಕಿದ ಎಣ್ಣೆಯನ್ನೆಲ್ಲ ಒರೆಸಿ ಆರಿಸಿದ ಮೇಲಷ್ಟೇ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಾಗಾಗಿ ಹೆಡ್ ಬೆಚ್ಚಗಾದಾಗ ಕೊಳವೆಯ ಮೇಲಿನ ಹಿಡಿತ ಕೊಂಚ ಸಡಿಲವಾಗುತ್ತದೆ. ಬಿಸಿ ಅಲ್ಯೂಮಿನಿಯಂ ಮೆತ್ತಗೂ ಆಗುತ್ತದೆ, ಥ್ರೆಡ್ ಬೇಗ ಕೀಳುತ್ತದೆ. ಅದಕ್ಕೇ ಬಿಸಿಯನ್ನು ಕೊಳವೆ ಒಮ್ಮೆ ಮಿಸುಕಲಿ ಅಂತಷ್ಟೇ ಬಳಸಿ, ಮುಂದಿನ ಸುತ್ತುಗಳನ್ನು ತಣ್ಣಗಾದ ಮೇಲೆ ಎಣ್ಣೆಯ ಜೊತೆಗೇ ತಿರುಗಿಸಿ.

ಎಕ್ಸ್‌ಟ್ರಾಕ್ಟರ್ ಎರಡು ಸಲ ಜಾರಿದರೆ ಅಲ್ಲಿಗೆ ಕೈ ಬಿಡಿ. ಮೂರನೇ ಸಲ ಜಾಸ್ತಿ ಬಲ ಹಾಕಿದಾಗ ಎಕ್ಸ್‌ಟ್ರಾಕ್ಟರೇ ಮುರಿದು ಒಳಗೆ ಉಳಿಯುವ ಸಾಧ್ಯತೆ ಇದೆ, ಅದು ಹದ ಮಾಡಿದ ಗಟ್ಟಿ ಉಕ್ಕು, ಮಾಮೂಲಿ ಡ್ರಿಲ್‌ಗೆ ಬಗ್ಗುವುದಿಲ್ಲ. ಆಮೇಲೆ ಹೆಡ್ ಇಳಿಸಲೇಬೇಕಾಗುತ್ತದೆ. ಅನುಭವಿ ಮೆಕ್ಯಾನಿಕ್‌ಗೆ ಈಗಲೇ ಕೊಟ್ಟರೆ ಕೆಲಸ ಇನ್ನೂ ಚಿಕ್ಕದು.

ಕೆಳಗಿನ ತೆಳು ಕೊಳವೆ ಉಳಿದಿದ್ದರೆ

ಟ್ರೈಟನ್ ಥರದ ಎಂಜಿನ್‌ನಲ್ಲಿ ಮಾಮೂಲಿ ಎಕ್ಸ್‌ಟ್ರಾಕ್ಟರ್ ಹಾಕಬೇಡಿ. ಇಲ್ಲಿ ತುಂಡು ಹಿಡಿದಿರುವುದು ಥ್ರೆಡ್‌ನಿಂದಲ್ಲ, ಕಾರ್ಬನ್‌ನಿಂದ, ಅದನ್ನು ನೇರ ಮೇಲಕ್ಕೆ ಎಳೆಯಬೇಕು. ಇದಕ್ಕೆಂದೇ ಮಾಡಿದ ಕಿಟ್‌ಗಳು ಸಿಗುತ್ತವೆ. ಒಳಗೆ ಉಳಿದ ಪಿಂಗಾಣಿಯನ್ನು ಸ್ವಲ್ಪ ಕೆಳಕ್ಕೆ ತಳ್ಳಿ ಜಾಗ ಮಾಡುವುದು, ಕೊಳವೆಯ ಒಳಮೈಗೆ ಥ್ರೆಡ್ ಕೊರೆಯುವುದು, ಅದಕ್ಕೆ ರಾಡ್ ಹಾಕಿ ಮೇಲಿಂದ ನಟ್ ತಿರುಗಿಸುತ್ತಾ ಎಳೆಯುವುದು. ಕ್ಲೀನರ್‌ನಲ್ಲಿ ನೆನೆಯಲು ಬಿಟ್ಟಿದ್ದರೆ ನಟ್ ಬಿಗಿಯಾಗುತ್ತಾ ಹೋಗಿ ಒಂದು ಹಂತದಲ್ಲಿ ಕೊಳವೆ ತಟ್ಟನೆ ಬಿಟ್ಟುಕೊಡುತ್ತದೆ. ಪಿಂಗಾಣಿ ತಳ್ಳುವಾಗ ಮಾತ್ರ ಕಿಟ್ ಹೇಳಿದ್ದಕ್ಕಿಂತ ಒಂದು ಕೂದಲಿನಷ್ಟೂ ಆಚೆ ಹೋಗಬೇಡಿ, ಜಾಸ್ತಿ ಒತ್ತಿದರೆ ಅದು ಒಡೆದು ಸಿಲಿಂಡರ್‌ಗೆ ಬೀಳುತ್ತದೆ.

ತುಂಡುಗಳನ್ನು ಜೋಡಿಸಿ ನೋಡಿ

ಹೊರಗೆ ಬಂದ ಎಲ್ಲ ತುಂಡುಗಳನ್ನೂ ಒಂದು ಬಿಳಿ ಬಟ್ಟೆಯ ಮೇಲೆ ಹರಡಿ, ಪಕ್ಕದಲ್ಲಿ ಹೊಸ ಪ್ಲಗ್ ಇಟ್ಟುಕೊಂಡು, ಹಳೆಯದನ್ನು ಮೇಲಿಂದ ಕೆಳಗಿನವರೆಗೆ ಜೋಡಿಸಿ. ಪಿಂಗಾಣಿಯ ಮುರಿದ ಅಂಚುಗಳು ಒಂದಕ್ಕೊಂದು ಕೂಡಬೇಕು. ನಡುವಿನ ಕಡ್ಡಿ ಇರಬೇಕು. ಕೊಳವೆಯ ತುದಿಯಲ್ಲಿ ಬಾಗಿದ ಆ ಸಣ್ಣ ಲೋಹದ ಕೊಕ್ಕೆ ಇದೆಯಾ ಅಂತ ತಪ್ಪದೇ ನೋಡಿ. ಯಾವುದೋ ಒಂದು ಕಡೆ ಅಕ್ಕಿ ಕಾಳಿನಷ್ಟು ಜಾಗ ಖಾಲಿ ಇದ್ದರೂ ಆ ಚೂರು ಸಿಗುವವರೆಗೆ ಮುಂದಕ್ಕೆ ಹೋಗಬೇಡಿ.

ಸಿಲಿಂಡರ್ ಒಳಗೆ ನೋಡಲು ಮೊಬೈಲ್‌ಗೆ ಜೋಡಿಸುವ ಸಣ್ಣ ಬೋರ್‌ಸ್ಕೋಪ್ ಕ್ಯಾಮೆರಾ ಸಾಕು. ಚೂರು ಕಂಡರೆ ಪೈಪ್ ಇಳಿಸಿ ಎಳೆಯಿರಿ. ಮ್ಯಾಗ್ನೆಟ್ ಲೋಹದ ಪುಡಿಗೆ ಮಾತ್ರ ಆಗುತ್ತದೆ, ಪಿಂಗಾಣಿ ಅದಕ್ಕೆ ಅಂಟುವುದಿಲ್ಲ. ಕಡ್ಡಿಯ ತುದಿಗೆ ಗ್ರೀಸ್ ಹಚ್ಚಿ ಮುಟ್ಟಿಸಿದರೆ ಎಷ್ಟೋ ಸಲ ಅಂಟಿಕೊಂಡು ಬರುತ್ತದೆ.

ಆಮೇಲೆ ಥ್ರೆಡ್. ಕಾರ್ಬನ್ ಕೂತಿದ್ದರೆ ಸರಿಯಾದ ಅಳತೆಯ ಥ್ರೆಡ್ ಚೇಸರ್‌ನ (ಥ್ರೆಡ್ ಸ್ವಚ್ಛ ಮಾಡುವ ಟೂಲ್) ಗೆರೆಗಳಿಗೆ ಗ್ರೀಸ್ ತುಂಬಿ ಕೈಯಲ್ಲೇ ತಿರುಗಿಸಿ, ಆಗಾಗ ಹೊರತೆಗೆದು ಒರೆಸಿ. ಬಹಳ ಕಾರುಗಳಲ್ಲಿ ಥ್ರೆಡ್ 14 ಮಿಮೀ ಅಥವಾ 12 ಮಿಮೀ ಇರುತ್ತದೆ, ನಿಮ್ಮದು ಯಾವುದು ಅಂತ ಹೊಸ ಪ್ಲಗ್‌ನಲ್ಲೇ ಅಳೆದುಕೊಳ್ಳಿ. ಥ್ರೆಡ್ ಕಿತ್ತುಹೋಗಿದ್ದರೂ ಹೆಡ್ ಹಾಳಾಯಿತು ಅಂತಲ್ಲ, ಹೆಲಿಕಾಯಿಲ್ ಥರದ ಇನ್ಸರ್ಟ್, ಅಂದರೆ ಹೊಸ ಥ್ರೆಡ್ ಕೊಡುವ ಲೋಹದ ಸುರುಳಿ, ಕೂರಿಸಬಹುದು.

ಕೊನೆಗೆ ಒಂದು ಸಲ, ಪ್ಲಗ್ ಹಾಕದೆ, ಎಂಜಿನ್ನನ್ನು ಸ್ಟಾರ್ಟರ್‌ನಿಂದ ಎರಡು ಮೂರು ಸೆಕೆಂಡ್ ತಿರುಗಿಸಬೇಕು. ಒಳಗೆ ಇಳಿದ ಎಣ್ಣೆ ಹೊರಗೆ ಹಾರುತ್ತದೆ. ಪ್ಲಗ್ ಹಾಕಿಬಿಟ್ಟು ತಿರುಗಿಸಿದರೆ, ಎಣ್ಣೆ ಜಾಸ್ತಿ ಇದ್ದ ಪಕ್ಷದಲ್ಲಿ ಪಿಸ್ಟನ್‌ಗೆ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗಬಹುದು. ಇದಕ್ಕೆ ಮುಂಚೆ ಬ್ಯಾಟರಿ ತಂತಿ ಮತ್ತೆ ಹಾಕಬೇಕು, ಇಂಜೆಕ್ಟರ್ ಮತ್ತು ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿರಬೇಕು. ತೂತಿನ ಎದುರು ಯಾರೂ ನಿಲ್ಲಬಾರದು.

ಹೊಸ ಪ್ಲಗ್ ಹಾಕುವಾಗ

ಪ್ಲಗ್‌ನ ಮೇಲ್ತುದಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ, ಅದನ್ನು ಹಿಡಿದೇ ಮೊದಲ ಸುತ್ತುಗಳನ್ನು ತಿರುಗಿಸಿ. ಥ್ರೆಡ್ ಅಡ್ಡ ಹತ್ತಿದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕೈಗೆ ಬಿಗಿಯಾದ ಮೇಲೆ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಾಗುತ್ತಿದೆ ಅಂತ ಅಳೆದು ತೋರಿಸುವ ರೆಂಚ್. ವಾಷರ್ ಇರುವ 14 ಮಿಮೀ ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12 ಮಿಮೀ ಪ್ಲಗ್‌ಗೆ 15ರಿಂದ 20. ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಅಂಕಿ ಹೇಳಿದರೆ ಅದೇ ಕೊನೆ ಮಾತು. ಥ್ರೆಡ್‌ಗೆ ಆಂಟಿ ಸೀಜ್ ಪೇಸ್ಟ್ (ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಬೇಕಾ ಅನ್ನುವುದಕ್ಕೂ ಇದೇ ಉತ್ತರ. ಈಗಿನ ಬಹುಪಾಲು ಪ್ಲಗ್‌ಗಳ ಥ್ರೆಡ್‌ಗೆ ತುಕ್ಕು ಹಿಡಿಯದ ಲೇಪ ಇದ್ದೇ ಇರುತ್ತದೆ. ಅದರ ಮೇಲೆ ಪೇಸ್ಟ್ ಬಳಿದರೆ ಥ್ರೆಡ್ ಜಾರುತ್ತದೆ, ರೆಂಚ್ ಅದೇ ಅಂಕಿ ತೋರಿಸಿದರೂ ಪ್ಲಗ್ ಮಾತ್ರ ಮಿತಿ ಮೀರಿ ಬಿಗಿಯಾಗಿರುತ್ತದೆ.

ಸ್ಟಾರ್ಟ್ ಮಾಡಿದಾಗ ಉಳಿದ ಎಣ್ಣೆ ಸುಟ್ಟು ಸ್ವಲ್ಪ ಹೊತ್ತು ಹೊಗೆ ಬರುತ್ತದೆ, ಅದು ಸಹಜ. ಆದರೆ ಒಂದೇ ಲಯದಲ್ಲಿ ‘ಟಿಕ್ ಟಿಕ್’ ಸದ್ದು ಕೇಳಿದರೆ ಆ ಕ್ಷಣವೇ ಆಫ್ ಮಾಡಿ, ಪ್ಲಗ್ ಬಿಚ್ಚಿ, ಮತ್ತೆ ಕ್ಯಾಮೆರಾ ಇಳಿಸಿ.

ಇನ್ನು ಅದೇ ಎಂಜಿನ್‌ನಲ್ಲಿ ಬಿಚ್ಚದೆ ಉಳಿದಿರುವ ಪ್ಲಗ್‌ಗಳೂ ಅದೇ ದಿನ ಹಾಕಿದವು, ಅಷ್ಟೇ ಓಡಿದವು. ಅವೂ ಮುರಿಯುವ ಅಂಚಿನಲ್ಲೇ ಇರಬಹುದು ಅಂದುಕೊಳ್ಳಿ. ತಣ್ಣನೆ ಎಂಜಿನ್‌ನಲ್ಲಿ ಪ್ರತಿಯೊಂದನ್ನೂ ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ, ಕ್ಲೀನರ್ ಬಿಟ್ಟು, ನೆನೆದ ಮೇಲೆ ಮುಂದೆ ಹಿಂದೆ ತಿರುಗಿಸುತ್ತಾ ಒಂದೊಂದಾಗಿ ತೆಗೆಯಿರಿ.