ಸಿಕ್ಸ್ತ್ ಫಾರ್ಮಿನಲ್ಲಿ ಮೂರಾ, ನಾಲ್ಕಾ? ಇಂಗ್ಲೆಂಡಿಗೆ ಹೊಸದಾಗಿ ಬಂದ ಅಪ್ಪ-ಅಮ್ಮಂದಿರಿಗೆ

ಪ್ರತಿ ವರ್ಷ ಆಗಸ್ಟಿನಲ್ಲಿ ಜಿಸಿಎಸ್‌ಇ (ನಮ್ಮ ಎಸ್‌ಎಸ್‌ಎಲ್‌ಸಿ ಥರದ ಪರೀಕ್ಷೆ) ರಿಸಲ್ಟ್ ಬಂದ ವಾರ ನನಗೆ ಫೋನ್ ಮೇಲೆ ಫೋನ್. "ಅಕ್ಕಾ, ಸ್ಕೂಲಲ್ಲಿ ಮೂರೇ ಸಬ್ಜೆಕ್ಟ್ ತಗೊಳ್ಳಿ ಅಂತಾರೆ. ಮೂರೇ ಸಾಕಾ? ನಾಲ್ಕು ತಗೊಂಡ್ರೆ ಒಳ್ಳೇದಲ್ವಾ?" ಈ ದಿಗಿಲು ನನಗೆ ಚೆನ್ನಾಗಿ ಗೊತ್ತು. ನಾವೆಲ್ಲ ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಸಬ್ಜೆಕ್ಟ್ ಓದಿ, 600ಕ್ಕೆ ಎಷ್ಟು ಅಂತ ಲೆಕ್ಕ ಹಾಕಿದವರು. ಅದೇ ವಯಸ್ಸಿನ ಮಗು ಇಲ್ಲಿ ಮೂರೇ ಓದುತ್ತದೆ ಅಂದರೆ ಏನೋ ಕೈತಪ್ಪಿ ಹೋಗುತ್ತಿದೆ ಅನ್ನಿಸುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜಿಸಿಎಸ್‌ಇ ಆದ ಮೇಲಿನ ಎರಡು ವರ್ಷವೇ (ಇಯರ್ 12, 13) ಸಿಕ್ಸ್ತ್ ಫಾರ್ಮ್, ಅಲ್ಲಿ ಓದುವ ಒಂದೊಂದು ಸಬ್ಜೆಕ್ಟೂ ಒಂದು ಎ ಲೆವೆಲ್. ಹೆಚ್ಚಿನ ಮಕ್ಕಳಿಗೆ ಮೂರು ಎ ಲೆವೆಲ್ ಸಾಕು. ನಾಲ್ಕನೆಯದಕ್ಕೆ ಗಟ್ಟಿ ಕಾರಣ ಬೇಕು. ಸುಮ್ನೆ ಇರಲಿ ಅಂತ ತಗೊಳ್ಳುವುದು ಬೇಡ.

ಇಲ್ಲಿ ಸಬ್ಜೆಕ್ಟ್ ಕಡಿಮೆ, ಆಳ ಜಾಸ್ತಿ. ಒಂದೊಂದಕ್ಕೂ ವಾರಕ್ಕೆ ನಾಲ್ಕೈದು ಗಂಟೆ ಪಾಠ, ಮನೆಯಲ್ಲಿ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಸ್ವಂತ ಓದು. ಟೈಮ್‌ಟೇಬಲ್‌ನಲ್ಲಿ ಕಾಣುವ ಖಾಲಿ ಪೀರಿಯಡ್ ಆಟಕ್ಕಲ್ಲ, ಓದಿಗೆ. 2015ರಲ್ಲಿ ಶುರುವಾದ ಬದಲಾವಣೆಯ ನಂತರ ಇಂಗ್ಲೆಂಡಿನಲ್ಲಿ ಎರಡು ವರ್ಷ ಕಲಿತದ್ದನ್ನೆಲ್ಲ ಇಯರ್ 13ರ ಕೊನೆಯಲ್ಲಿ, ಮೇ-ಜೂನ್ ಪರೀಕ್ಷೆಯಲ್ಲಿ ಒಟ್ಟಿಗೆ ಬರೆಯಬೇಕು. ಮೊದಲ ವರ್ಷದ ಕೊನೆಗೆ ಬರೆಯುವ ಎಎಸ್ ಪರೀಕ್ಷೆಯ ಅಂಕ ಈಗ ಎ ಲೆವೆಲ್‌ಗೆ ಸೇರುವುದಿಲ್ಲ. ವೇಲ್ಸ್‌ನಲ್ಲಿ ಸೇರುತ್ತದೆ. ಸ್ಕಾಟ್‌ಲೆಂಡಿನಲ್ಲಿ ಹೈಯರ್ಸ್ ಅಂತ ಬೇರೆಯೇ ಪದ್ಧತಿ, ಅಲ್ಲಿ ಐದು ಸಬ್ಜೆಕ್ಟ್ ಓದುವುದು ಮಾಮೂಲಿ. ಆದ್ದರಿಂದ ಎಡಿನ್‌ಬರಾದಲ್ಲಿರುವ ನೆಂಟರ ಸಲಹೆ ಲಂಡನ್ನಿನವರಿಗೆ ಹೊಂದುವುದಿಲ್ಲ.

ಯೂನಿವರ್ಸಿಟಿಗಳು ಸಾಮಾನ್ಯವಾಗಿ ಮೂರು ಗ್ರೇಡ್ ಕೇಳುತ್ತವೆ. ಯುಕಾಸ್ (ಯೂನಿವರ್ಸಿಟಿ ಅರ್ಜಿಗಳನ್ನು ನೋಡಿಕೊಳ್ಳುವ ಸಂಸ್ಥೆ) ಪಾಯಿಂಟ್ ಲೆಕ್ಕದಲ್ಲಿ ಎ ಗ್ರೇಡಿಗೆ 48, ಬಿ ಗ್ರೇಡಿಗೆ 40. ಮೂರು ಎ ಅಂದರೆ 144, ನಾಲ್ಕು ಬಿ ಅಂದರೆ 160. ನಮ್ಮ ಕಣ್ಣಿಗೆ 160 ದೊಡ್ಡದು. ಆದರೆ ಮೂರು ಎ ಕೇಳಿದ ಕೋರ್ಸಿಗೆ ನಾಲ್ಕು ಬಿ ಸಾಲುವುದಿಲ್ಲ. ಪಾಯಿಂಟ್ ಕೂಡಿಸಿ ನೋಡುವ ಕೋರ್ಸ್‌ಗಳೂ ಇವೆ, ಆದರೆ ಹೆಚ್ಚು ಪೈಪೋಟಿ ಇರುವ ಕಡೆ ನೋಡುವುದು ಗ್ರೇಡನ್ನೇ.

ಇದನ್ನು ನಾವು ತಡವಾಗಿ ಕಲಿತೆವು. ನಮ್ಮ ಮಗಳು ಮೂರು ತಗೊಳ್ಳುತ್ತೇನೆ ಅಂದಾಗ ನಾನೂ ನಮ್ಮ ಯಜಮಾನರೂ ಬಿಡಲಿಲ್ಲ. ಪಿಸಿಎಂಬಿ ತಗೊಂಡರೆ ಯಾವ ದಾರಿಯೂ ಮುಚ್ಚುವುದಿಲ್ಲ ಅನ್ನುವುದು ನಮ್ಮ ನಂಬಿಕೆ. ನಾಲ್ಕೂ ಹಿಡಿದಳು. ನವೆಂಬರ್ ಹೊತ್ತಿಗೆ ರಾತ್ರಿ ಒಂದಾದರೂ ಅವಳ ಕೋಣೆಯ ದೀಪ ಆರುತ್ತಿರಲಿಲ್ಲ. ಕೆಮಿಸ್ಟ್ರಿ ಟೆಸ್ಟಿನಲ್ಲಿ ಸಿ ಬಂತು. "ಅಮ್ಮಾ, ನಾಲ್ಕೂ ಮುಗಿಸ್ತಾ ಇದೀನಿ, ಆದ್ರೆ ಯಾವುದೂ ಅರ್ಥ ಆಗ್ತಿಲ್ಲ" ಅಂದಳು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕ್ರಿಸ್ಮಸ್ ರಜೆ ಮುಗಿದ ಮೇಲೆ ಫಿಸಿಕ್ಸ್ ಬಿಟ್ಟಳು. ಬೇಸಿಗೆಯಲ್ಲಿ ಕೆಮಿಸ್ಟ್ರಿಗೆ ಎ ಪ್ರಿಡಿಕ್ಟ್ ಮಾಡಿದರು. ಈಗ ಫಾರ್ಮಸಿ ಓದುತ್ತಿದ್ದಾಳೆ.

ಪ್ರಿಡಿಕ್ಟೆಡ್ ಗ್ರೇಡ್ ಅಂದರೆ ಏನು ಅಂತ ಹೊಸಬರಿಗೆ ಗೊತ್ತಿರುವುದಿಲ್ಲ. ಮಗು ಅರ್ಜಿ ಹಾಕುವಾಗ ಅಂತಿಮ ಪರೀಕ್ಷೆಯೇ ಆಗಿರುವುದಿಲ್ಲ. ಟೀಚರ್‌ಗಳು ಅಂದಾಜು ಮಾಡಿ ಕೊಟ್ಟ ಗ್ರೇಡ್ ನೋಡಿಕೊಂಡು ಯೂನಿವರ್ಸಿಟಿ ಆಫರ್ ಕೊಡುತ್ತದೆ, ಅಂದರೆ ಪರೀಕ್ಷೆಯಲ್ಲಿ ಇಂಥ ಗ್ರೇಡ್ ತಂದರೆ ಸೀಟು ಅಂತ ಹೇಳುತ್ತದೆ. ಇಯರ್ 12ರ ಟೆಸ್ಟುಗಳು ಆ ಅಂದಾಜಿಗೆ ದೊಡ್ಡ ಆಧಾರ. ನಾಲ್ಕನೇ ಸಬ್ಜೆಕ್ಟ್ ಉಳಿದ ಮೂರನ್ನು ಎಳೆದು ಕೆಡವಿದರೆ ಆ ಏಟು ಬೀಳುವುದು ಇಲ್ಲೇ.

ಹಾಗಾದರೆ ನಾಲ್ಕು ಯಾರಿಗೆ? ಮೊದಲ ಉತ್ತರ ಫರ್ದರ್ ಮ್ಯಾಥ್ಸ್, ಅಂದರೆ ಮ್ಯಾಥ್ಸ್ ಎ ಲೆವೆಲ್‌ಗಿಂತ ಮುಂದಿನ ಗಣಿತದ ಇನ್ನೊಂದು ಎ ಲೆವೆಲ್. ಗಣಿತ, ಫಿಸಿಕ್ಸ್, ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ಗೆ ಕೇಂಬ್ರಿಡ್ಜ್, ಇಂಪೀರಿಯಲ್ ಥರದ ಕಡೆ ಕಣ್ಣಿಟ್ಟ, ಲೆಕ್ಕವೆಂದರೆ ಊಟ ಮರೆಯುವ ಮಗು ಇದ್ದರೆ ಖಂಡಿತ ತಗೊಳ್ಳಲಿ. ಮ್ಯಾಥ್ಸ್ ಜೊತೆಗೇ ಸಾಗುವುದರಿಂದ ಅಂಥ ಮಗುವಿಗೆ ಇದು ಪೂರ್ತಿ ಹೊಸ ಹೊರೆಯಲ್ಲ. ಆದರೆ ಮೆಡಿಸಿನ್ ಕಡೆ ಹೋಗುವವರು ಗಮನಿಸಿ: ಮ್ಯಾಥ್ಸ್, ಫರ್ದರ್ ಮ್ಯಾಥ್ಸ್ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ತಗೊಳ್ಳದ ಮೆಡಿಕಲ್ ಕಾಲೇಜುಗಳು ತುಂಬಾ ಇವೆ.

ಮೆಡಿಸಿನ್‌ಗೆ ಕೆಮಿಸ್ಟ್ರಿ, ಬಯಾಲಜಿ, ಜೊತೆಗೆ ಇಷ್ಟದ ಇನ್ನೊಂದು ಇದ್ದರೆ ಹೆಚ್ಚಿನ ಬಾಗಿಲು ತೆರೆದಿರುತ್ತವೆ. ಆ ಇನ್ನೊಂದು ಫಿಸಿಕ್ಸೇ ಆಗಬೇಕಿಲ್ಲ. ಇಯರ್ 12 ಮುಗಿದ ಬೇಸಿಗೆಯಲ್ಲಿ ಯುಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆ, ಅಕ್ಟೋಬರ್ 15ಕ್ಕೆ ಅರ್ಜಿ, ನಡುವೆ ಆಸ್ಪತ್ರೆ ಅಥವಾ ಕೇರ್ ಹೋಮ್ ಅನುಭವ. ಇದಕ್ಕೆಲ್ಲ ಸಮಯ ಎಲ್ಲಿಂದ ಬರಬೇಕು, ಹೇಳಿ.

ಇನ್ನೂ ಏನಾದರೂ ಮಾಡಲೇಬೇಕು ಅನ್ನುವ ಮಗುವಿಗೆ ಇಪಿಕ್ಯೂ ಚೆನ್ನಾಗಿದೆ. ತನಗೆ ಇಷ್ಟವಾದ ವಿಷಯದ ಮೇಲೆ ತಾನೇ ಹುಡುಕಿ ಓದಿ ಬರೆಯುವ ಪ್ರಾಜೆಕ್ಟ್ ಇದು, ಅರ್ಧ ಎ ಲೆವೆಲ್‌ಗೆ ಸಮ. ಇದರಲ್ಲಿ ಒಳ್ಳೆ ಗ್ರೇಡ್ ಬಂದರೆ ಆಫರಿನಲ್ಲಿ ಕೇಳುವ ಗ್ರೇಡನ್ನು ಸ್ವಲ್ಪ ಇಳಿಸುವ ಯೂನಿವರ್ಸಿಟಿಗಳೂ ಇವೆ.

ಊರಲ್ಲಿ ಹತ್ತನೇ ಕ್ಲಾಸ್ ಮುಗಿಸಿ ನೇರವಾಗಿ ಇಲ್ಲಿಗೆ ಬಂದ ಮಕ್ಕಳ ಬಗ್ಗೆ ನನಗೆ ವಿಶೇಷ ಕಾಳಜಿ. ಅವರಿಗೆ ಊರು ಹೊಸದು, ಇಂಗ್ಲಿಷಿನ ಧಾಟಿ ಹೊಸದು, ಪ್ರಶ್ನೆ ಕೇಳುವ ರೀತಿಯೂ ಹೊಸದು. ಜಿಸಿಎಸ್‌ಇ ಇಂಗ್ಲಿಷ್ ಇಲ್ಲದಿದ್ದರೆ ಅದನ್ನೂ ಜೊತೆಗೆ ಓದು ಅಂತ ಕಾಲೇಜು ಹೇಳಬಹುದು. ಅದನ್ನೇ ನಾಲ್ಕನೆಯದು ಅಂದುಕೊಳ್ಳಿ. ಫಸ್ಟ್ ಪಿಯುಸಿ ಮುಗಿಸಿ ಬಂದವರೂ ಸಾಮಾನ್ಯವಾಗಿ ಇಯರ್ 12ರಿಂದಲೇ ಶುರು ಮಾಡಬೇಕಾಗುತ್ತದೆ. ಒಂದು ವರ್ಷ ಹಾಳಾಯಿತು ಅಂತ ಆ ಮಗುವಿನ ಎದುರು ಅನ್ನಬೇಡಿ.

ಮನಸ್ಸು ಇನ್ನೂ ಡೋಲಾಯಮಾನವಾಗಿದ್ದರೆ ನಾಲ್ಕರಿಂದ ಶುರು ಮಾಡಿ ಒಂದನ್ನು ಬಿಡಬಹುದು. ಕೆಲವು ವಾರ ಕಳೆದ ಮೇಲೆ ಹೊಸದನ್ನು ಸೇರುವುದು ಕಷ್ಟ, ಬಿಡುವುದು ಅಷ್ಟು ಕಷ್ಟವಲ್ಲ. ಸೇರುವ ದಿನವೇ ಸ್ಕೂಲಿನಲ್ಲಿ ಕೇಳಿಕೊಳ್ಳಿ: ಯಾವ ದಿನದವರೆಗೆ ಬದಲಿಸಬಹುದು, ಯಾವ ಎರಡು ಸಬ್ಜೆಕ್ಟ್ ಒಂದೇ ಹೊತ್ತಿಗೆ ಬೀಳುತ್ತವೆ, ನಾಲ್ಕು ತಗೊಳ್ಳಲು ಜಿಸಿಎಸ್‌ಇಯಲ್ಲಿ ಎಷ್ಟು ಬೇಕು. ಅಕ್ಟೋಬರ್ ಹಾಫ್-ಟರ್ಮ್ ರಜೆಯಲ್ಲಿ ಮಗುವನ್ನು ಕೂರಿಸಿಕೊಂಡು ಯಾವುದು ಭಾರವಾಗಿದೆ ಅಂತ ಕೇಳಿ, ಅದು ಹೇಳಿ ಮುಗಿಸುವವರೆಗೂ ಮಧ್ಯೆ ಬಾಯಿ ಹಾಕಬೇಡಿ.